ಈಸ್ಟರ್ ಯಾವಾಗ? ಮೊದಲು ಹುಣ್ಣಿಮೆ ಹುಡುಕಿ

ಕ್ರಿಸ್‌ಮಸ್ ಯಾವತ್ತು ಅಂದರೆ ನಿದ್ದೆಗಣ್ಣಲ್ಲೂ ಡಿಸೆಂಬರ್ 25 ಅನ್ನುತ್ತೇವೆ. ಯೇಸು ಸಾವಿನಿಂದ ಎದ್ದು ಬಂದ ನೆನಪಿನ ಹಬ್ಬ ಈಸ್ಟರ್ ಯಾವತ್ತು? 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5. ಬಾಯಿಪಾಠಕ್ಕೆ ಸಿಗುವ ಹಬ್ಬ ಅಲ್ಲ ಇದು. ಪರೀಕ್ಷೆಗೆ ಓದುವವರಿಗೆ ಲೆಕ್ಕ ಗೊತ್ತಿರಬೇಕು.

ಲೆಕ್ಕ ಇಷ್ಟೇ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ. ಅದು ಕಳೆದ ಮೇಲೆ ಬರುವ ಭಾನುವಾರವೇ ಈಸ್ಟರ್. ಹುಣ್ಣಿಮೆಯೇ ಭಾನುವಾರ ಬಿದ್ದರೆ ಮುಂದಿನ ಭಾನುವಾರ. ಹಾಗಾಗಿ ಹಬ್ಬ ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಚರ್ಚಿನ ಕೋಷ್ಟಕದ ಹುಣ್ಣಿಮೆ. ಆಕಾಶದ ಹುಣ್ಣಿಮೆಗೂ ಇದಕ್ಕೂ ಒಂದೆರಡು ದಿನ ಹೆಚ್ಚುಕಡಿಮೆ ಆಗಬಹುದು.

ಬಳ್ಳಾರಿಯ ನಮ್ಮ ಹಾಸ್ಟೆಲ್ ರೂಮಿನ ಕ್ಯಾಲೆಂಡರ್ ಮುಂದೆ ನಿಂತು ಇದನ್ನು ನನಗೆ ತೋರಿಸಿದ್ದು ಮುದಗಲ್ ಕಡೆಯ ಗೆಳೆಯ. "ದವನದ ಹುಣ್ಣಿಮಿ ನೋಡಲೇ, ಅದರ ಮುಂದಿನ ಐತವಾರ ನಮ್ಮ ಹಬ್ಬ" ಅಂದ. ನಾನು ಗಂಗಾವತಿಯವನು. ದವನದ ಹುಣ್ಣಿಮೆ ಅಂದರೆ ನನಗೆ ಹನುಮ ಜಯಂತಿ, ಅಂಜನಾದ್ರಿ ಬೆಟ್ಟ. 2023ರಲ್ಲಿ ಹನುಮ ಜಯಂತಿ ಏಪ್ರಿಲ್ 6, ಈಸ್ಟರ್ ಏಪ್ರಿಲ್ 9. ಸರಿಹೋಯಿತು. 2024 ನೋಡಿದರೆ ತಪ್ಪಿತು! ಹನುಮ ಜಯಂತಿ ಏಪ್ರಿಲ್ 23, ಈಸ್ಟರ್ ಮಾತ್ರ ಹೋಳಿ ಹುಣ್ಣಿಮೆ ಮುಗಿದ ವಾರದಲ್ಲೇ ಬಂದುಹೋಗಿತ್ತು. ಕಾರಣ ಸಿಕ್ಕಾಗ ಖುಷಿಯಾಯಿತು. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂದಿತ್ತಲ್ಲ, ಅದಕ್ಕೆ 2024ರ ಚೈತ್ರ, ಅದರ ಜೊತೆ ದವನದ ಹುಣ್ಣಿಮೆ, ತಡವಾಗಿ ಬಂದಿತ್ತು. ಯಹೂದಿಗಳ ಪಂಚಾಂಗದಲ್ಲೂ ಅಧಿಕ ಮಾಸ ಉಂಟು. ಅವರ ಪಸ್ಕ ಹಬ್ಬ 2024ರಲ್ಲಿ ಶುರುವಾದದ್ದು ಏಪ್ರಿಲ್ 22ರ ಸಂಜೆ, ಹೆಚ್ಚುಕಡಿಮೆ ನಮ್ಮ ದವನದ ಹುಣ್ಣಿಮೆಗೇ. ಈ ಗುಂಪಿನಿಂದ ಈಸ್ಟರ್ ಒಂದೇ ಬೇರೆ ಆಗಿತ್ತು.

ಪಸ್ಕ ಅಂದೆನಲ್ಲ, ಹಬ್ಬದ ಬೇರು ಇರುವುದೇ ಅಲ್ಲಿ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಯಹೂದಿಗಳು ವಸಂತದ ಹುಣ್ಣಿಮೆಗೆ ಮಾಡುವ ಹಬ್ಬ ಅದು. ಬೈಬಲ್ಲಿನ ಕಥೆಯಲ್ಲಿ, ಕುರಿಮರಿಯ ರಕ್ತ ಹಚ್ಚಿದ ಬಾಗಿಲುಗಳನ್ನು ಸಾವು ದಾಟಿಹೋಗುತ್ತದೆ. ಯೇಸುವನ್ನು ಶಿಲುಬೆಗೆ ಹಾಕಿದ್ದು ಇದೇ ಹಬ್ಬದ ಹೊತ್ತಿನಲ್ಲಿ. ಅದಕ್ಕೇ ಕ್ರೈಸ್ತರು ಯೇಸುವನ್ನು ಪಸ್ಕದ ಕುರಿಮರಿ ಎಂದು ಕರೆದರು. ಗ್ರೀಕ್, ಲ್ಯಾಟಿನ್, ಫ್ರೆಂಚ್ ಎಲ್ಲದರಲ್ಲೂ ಈ ಹಬ್ಬದ ಹೆಸರು ಪಸ್ಕದಿಂದಲೇ ಬಂದಿದೆ. ನಮ್ಮಲ್ಲೂ ಕ್ಯಾಥೊಲಿಕರು ಪಾಸ್ಖ ಹಬ್ಬ ಅನ್ನುತ್ತಾರೆ.

ಹಾಗಾದರೆ 'ಈಸ್ಟರ್' ಎಲ್ಲಿಂದ ಬಂತು? ಬೀಡ್ ಎಂಬ ಇಂಗ್ಲೆಂಡಿನ ಸನ್ಯಾಸಿ 725ರ ಸುಮಾರಿಗೆ, ಇಯೋಸ್ಟ್ರೆ ಎಂಬ ದೇವತೆಯ ಹೆಸರಿನ ತಿಂಗಳಿಂದ ಬಂತು ಎಂದು ಬರೆದ. ಆ ದೇವತೆಯನ್ನು ಹೆಸರಿಸುವ ಹಳೆಯ ಬರಹ ಅದೊಂದೇ. ಇದನ್ನೇ ಹಿಡಿದು 'ಈಸ್ಟರ್ ಮೂಲದಲ್ಲಿ ಬೇರೆ ದೇವತೆಯ ಹಬ್ಬ' ಎಂದು ಉತ್ತರ ಬರೆಯಬೇಡಿ. ಹೆಸರಿನ ಕಥೆ ಬೇರೆ, ಹಬ್ಬದ ಕಥೆ ಬೇರೆ.

ಇನ್ನು ಶುಕ್ರವಾರದ ವಿಷಯ. ಗುಡ್ ಫ್ರೈಡೇ ದಿನ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಶುಭಾಶಯ ಹಾಕಿದ ಮಹಾನುಭಾವ ನಾನೇ. "ಅವತ್ತು ಯೇಸುಸ್ವಾಮಿ ತೀರಿಕೊಂಡ ದಿನಲೇ, ಏನು ಹ್ಯಾಪಿ?" ಅಂದ ಗೆಳೆಯ. ಅಲ್ಲಿ 'ಗುಡ್' ಅಂದರೆ ಪವಿತ್ರ ಎಂಬ ಹಳೆಯ ಅರ್ಥ.

ಶುಕ್ರವಾರ ಸಾವು, ಭಾನುವಾರ ಎದ್ದು ಬಂದದ್ದು. ಎರಡೇ ದಿನ ಆಯಿತಲ್ವಾ, 'ಮೂರನೇ ದಿನ' ಹೇಗೆ? ಶುಕ್ರವಾರವನ್ನೂ ಸೇರಿಸಿ ಎಣಿಸುತ್ತಾರೆ. ಶನಿವಾರ ಯಹೂದಿಗಳ ವಿಶ್ರಾಂತಿ ದಿನ ಸಬ್ಬತ್, ಕೆಲಸ ಮಾಡುವಂತಿಲ್ಲ. ಅದಕ್ಕೆ ಮಗ್ದಲದ ಮರಿಯ ಮತ್ತಿತರ ಹೆಂಗಸರು ಭಾನುವಾರ ನಸುಕಿನಲ್ಲೇ ಹೆಣಕ್ಕೆ ಹಚ್ಚಲು ಸುಗಂಧದ್ರವ್ಯ ಹಿಡಿದು ಹೊರಟರು. ನಮ್ಮ ಕಡೆ ಮಣ್ಣು ಮಾಡಿದ ಮೂರನೇ ದಿನ ಹಾಲು-ತುಪ್ಪ ಬಿಡಲು ಹೋಗುತ್ತಾರಲ್ಲ, ನನಗೆ ಅದೇ ನೆನಪಾಯಿತು. ಹೋಗಿ ನೋಡಿದರೆ ಕಲ್ಲು ಉರುಳಿದೆ, ಸಮಾಧಿ ಖಾಲಿ. ಯೇಸುವಿನ ಕಥೆ ಹೇಳುವ ಬೈಬಲ್ಲಿನ ಸುವಾರ್ತೆಗಳು ನಾಲ್ಕೂ ಬೇರೆ ಬೇರೆ ವಿವರ ಕೊಡುತ್ತವೆ, ಆದರೆ ಮೊದಲು ಹೋದದ್ದು ಹೆಂಗಸರು ಎಂಬುದನ್ನು ನಾಲ್ಕೂ ಹೇಳುತ್ತವೆ.

ಹಬ್ಬ ಯಾವ ವಾರ ಮಾಡಬೇಕು ಎಂದು ಮೊದಮೊದಲು ಜಗಳವೇ ಇತ್ತು. ಏಷ್ಯಾ ಮೈನರಿನ (ಇಂದಿನ ಟರ್ಕಿ ಕಡೆಯ) ಕ್ರೈಸ್ತರು ಯಹೂದಿ ತಿಂಗಳ 14ನೇ ದಿನ, ಯಾವ ವಾರವಾದರೂ ಸರಿ ಅಂದರು. ರೋಮಿನವರು ಭಾನುವಾರವೇ ಅಂದರು. 325ರಲ್ಲಿ ಬಿಷಪರು ಸೇರಿದ ನೈಸಿಯಾದ ಸಭೆ ಎಲ್ಲರೂ ಒಂದೇ ಭಾನುವಾರ ಮಾಡಬೇಕು ಎಂದಿತು. 1582ರಲ್ಲಿ ಕ್ಯಾಲೆಂಡರ್ ತಿದ್ದಿದ ಮೇಲೆ ಮತ್ತೆ ದಾರಿ ಕವಲೊಡೆಯಿತು. ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹೆಚ್ಚಿನವು ಈಗಲೂ ಹಳೆಯ ಲೆಕ್ಕದಲ್ಲಿವೆ. 2026ರಲ್ಲಿ ಅವರಿಗೆ ಏಪ್ರಿಲ್ 12.

ಈಸ್ಟರ್‌ಗೆ ಮುಂಚಿನ ಉಪವಾಸ 40 ದಿನ ಅನ್ನುತ್ತಾರೆ. ಅದು ಶುರುವಾಗುವ ಬೂದಿ ಬುಧವಾರದಿಂದ ಎಣಿಸಿದರೆ 46 ಬರುತ್ತದೆ. ಆರು ಭಾನುವಾರ ಬಿಟ್ಟುಬಿಡಿ. ಹಿಂದೆ ಯುರೋಪಿನಲ್ಲಿ ಉಪವಾಸದಲ್ಲಿ ಮೊಟ್ಟೆ ಮುಟ್ಟುತ್ತಿರಲಿಲ್ಲ, ಕೋಳಿ ಇಡುವುದನ್ನು ನಿಲ್ಲಿಸುತ್ತದೆಯೇ? ಉಳಿದ ಮೊಟ್ಟೆ ಹಬ್ಬಕ್ಕೆ. ಮೊಟ್ಟೆ ತರುವ ಈಸ್ಟರ್ ಮೊಲದ ಕಥೆ ಜರ್ಮನಿಯಿಂದ ಬಂದದ್ದು, ಪರೀಕ್ಷೆಗೆ ಅಷ್ಟು ಸಾಕು.

ನಮ್ಮ ಕಡೆಯ ಎರಡು ಇಸವಿ ಬರೆದಿಟ್ಟುಕೊಳ್ಳಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲನ್ನು ಕನ್ನಡಕ್ಕೆ ತಂದವರಲ್ಲಿ ಅವರೂ ಒಬ್ಬರು. ಕ್ಯಾಥೊಲಿಕರ ಬಳ್ಳಾರಿ ಧರ್ಮಕ್ಷೇತ್ರ ಆದದ್ದು 1949ರಲ್ಲಿ. ರಾಯಚೂರು, ಕೊಪ್ಪಳ ಎರಡೂ ಅದರೊಳಗೇ ಬರುತ್ತವೆ.

ಕಳೆದ ಸಲ ಶನಿವಾರ ರಾತ್ರಿ ಗೆಳೆಯನ ಜೊತೆ ನಾನೂ ಚರ್ಚಿಗೆ ಹೋಗಿದ್ದೆ. ಕತ್ತಲಾದರೂ ಬಳ್ಳಾರಿಯ ನೆಲ ಇನ್ನೂ ಕಾವು ಬಿಡುತ್ತಿತ್ತು. ದೀಪ ಎಲ್ಲ ಆರಿಸಿ, ಅಂಗಳದಲ್ಲಿ ಬೆಂಕಿ ಹಚ್ಚಿ, ಅದರಿಂದ ದೊಡ್ಡ ಪಾಸ್ಖ ಮೇಣದಬತ್ತಿ ಹೊತ್ತಿಸಿದರು. ಬತ್ತಿಯ ಮೇಲೆ ಶಿಲುಬೆ, ಅದರ ನಾಲ್ಕು ಮೂಲೆಗೆ ಆ ವರ್ಷದ ನಾಲ್ಕು ಅಂಕಿ. ಒಬ್ಬರಿಂದ ಒಬ್ಬರಿಗೆ ದೀಪ ದಾಟುತ್ತಾ ಬಂತು. ನನ್ನ ಬತ್ತಿ ಗಾಳಿಗೆ ಎರಡು ಸಲ ಆರಿತು. ಪಕ್ಕದಲ್ಲಿದ್ದ ಅಜ್ಜಿ ಎರಡು ಸಲವೂ ಸುಮ್ನೆ ತನ್ನ ಬತ್ತಿ ಬಗ್ಗಿಸಿ ಹಚ್ಚಿಕೊಟ್ಟಳು.