ಪಿಎಲ್‌ಎಂ ಸಾಫ್ಟ್‌ವೇರ್ ಇರುವಾಗ ಬ್ಲಾಕ್‌ಚೈನ್ ಯಾಕೆ?

ಪ್ರಶ್ನೆ: ಡಿಸೈನ್‌ನಿಂದ ಹಿಡಿದು ಸರ್ವಿಸ್‌ವರೆಗೆ ನಮ್ಮ ಉತ್ಪನ್ನದ ದಾಖಲೆಯೆಲ್ಲ ಪಿಎಲ್‌ಎಂ (ಪ್ರಾಡಕ್ಟ್ ಲೈಫ್‌ಸೈಕಲ್ ಮ್ಯಾನೇಜ್‌ಮೆಂಟ್) ಸಾಫ್ಟ್‌ವೇರ್‌ನಲ್ಲೇ ಇದೆ. ಇನ್ನು ಬ್ಲಾಕ್‌ಚೈನ್ ಯಾಕೆ ಬೇಕು?

ಎಲ್ಲವೂ ನಿಮ್ಮ ಕಂಪನಿಯ ಒಳಗೇ ನಡೆಯುವುದಾದರೆ ಬೇಡ. ಒಳ್ಳೆಯ ಡೇಟಾಬೇಸ್ ಸಾಕು. ಅದು ವೇಗವೂ ಜಾಸ್ತಿ, ಖರ್ಚೂ ಕಡಿಮೆ.

ತೊಡಕು ಶುರುವಾಗುವುದು ವಸ್ತು ಕೈ ಬದಲಿಸಿದಾಗ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯನ್ನೇ ನೋಡಿ. ಗಣಿಯವರು, ಲೋಹ ಶುದ್ಧ ಮಾಡುವವರು, ಸೆಲ್ ಮಾಡುವವರು, ಕಾರು ಕಂಪನಿ, ವರ್ಕ್‌ಶಾಪ್, ಕೊನೆಗೆ ರೀಸೈಕಲ್ ಮಾಡುವವರು. ಒಬ್ಬೊಬ್ಬರದೂ ಒಂದೊಂದು ಸಾಫ್ಟ್‌ವೇರ್. ಸರ್ವರ್ ಯಾರ ಕೈಯಲ್ಲಿದೆಯೋ ಅವರು ಹಳೆಯ ತಾರೀಖು ತಿದ್ದಿದರೆ ಉಳಿದವರಿಗೆ ಗೊತ್ತಾಗುವುದು ಕಷ್ಟ, ಅಲ್ವಾ? ಬ್ಲಾಕ್‌ಚೈನ್‌ನಲ್ಲಿ ಒಂದೇ ದಾಖಲೆಯ ಪ್ರತಿ ಹಲವರ ಬಳಿ ಇರುತ್ತದೆ. ಪ್ರತಿ ಬ್ಲಾಕ್‌ನಲ್ಲೂ (ದಾಖಲೆಗಳ ಕಂತೆಯಲ್ಲೂ) ಹಿಂದಿನ ಬ್ಲಾಕ್‌ನ ಹ್ಯಾಶ್, ಅಂದರೆ ಅದರಲ್ಲಿರುವುದರಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು, ಸೇರಿರುವುದರಿಂದ, ಹಳೆಯದನ್ನು ತಿದ್ದಿದರೆ ಸಿಕ್ಕಿಬೀಳುತ್ತಾರೆ.

ಹಾಗಂತ ಡ್ರಾಯಿಂಗ್ ಫೈಲನ್ನೇ ಅದರೊಳಗೆ ತುಂಬುವುದಿಲ್ಲ. ಕ್ಯಾಡ್ ಫೈಲ್‌ಗಳು (ಕಂಪ್ಯೂಟರ್‌ನಲ್ಲಿ ಮಾಡಿದ ಡ್ರಾಯಿಂಗ್‌ಗಳು) ದೊಡ್ಡವು, ಎಲ್ಲರಿಗೂ ತೋರಿಸುವಂಥವೂ ಅಲ್ಲ. ಫೈಲ್ ನಿಮ್ಮ ಪಿಎಲ್‌ಎಂನಲ್ಲೇ ಇರುತ್ತದೆ, ಅದರ ಹ್ಯಾಶ್ ಮಾತ್ರ ಬ್ಲಾಕ್‌ಚೈನ್‌ಗೆ ಹೋಗುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ ಫೈಲ್ ಎಷ್ಟೇ ದೊಡ್ಡದಿದ್ದರೂ ಹ್ಯಾಶ್ 256 ಬಿಟ್ ಮಾತ್ರ. ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) 0.05 ಮಿ.ಮೀ. ಇದ್ದದ್ದನ್ನು ಯಾರೋ 0.5 ಮಾಡಿದರು ಅಂದುಕೊಳ್ಳಿ. ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ‘ನೀವು ಒಪ್ಪಿದ್ದು ಈ ಡ್ರಾಯಿಂಗ್ ಅಲ್ಲ’ ಎಂದು ಸಪ್ಲೈಯರ್ ಜೊತೆ ಜಗಳ ಬಂದಾಗ ಇದು ಗಟ್ಟಿ ಸಾಕ್ಷಿ. ನನ್ನ ಮಟ್ಟಿಗೆ ಇದೊಂದೇ ಉಪಯೋಗ ಸಾಕು, ಈ ತಂತ್ರಜ್ಞಾನವನ್ನು ಗಂಭೀರವಾಗಿ ತಗೊಳ್ಳಲು.

ಆದರೆ ಬರೆದದ್ದು ನಿಜವೇ ಎಂದು ಬ್ಲಾಕ್‌ಚೈನ್ ನೋಡುವುದಿಲ್ಲ. ಒಂದು ಬ್ಯಾಟರಿಯ ಕ್ಯೂಆರ್ ಕೋಡನ್ನು ಬೇರೆ ಬ್ಯಾಟರಿಗೆ ಅಂಟಿಸಿದರೆ ಆ ಸುಳ್ಳೂ ಹಾಗೇ ಭದ್ರವಾಗಿ ಉಳಿಯುತ್ತದೆ. ಹಾಗಾಗಿ ತಪಾಸಣೆ ಮಾಡಲೇಬೇಕು.

ಯುರೋಪಿಯನ್ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ (ಅದರ ವಿವರಗಳ ಎಲೆಕ್ಟ್ರಾನಿಕ್ ದಾಖಲೆ) ಕಡ್ಡಾಯ. ಅದಕ್ಕೆ ಬ್ಲಾಕ್‌ಚೈನೇ ಬೇಕೆಂದು ಕಾನೂನು ಹೇಳುವುದಿಲ್ಲ. ವೋಲ್ವೋ ತನ್ನ ಇಎಕ್ಸ್90 ಕಾರಿಗೆ ಸರ್ಕ್ಯುಲರ್ ಎಂಬ ಕಂಪನಿಯ ಬ್ಲಾಕ್‌ಚೈನ್ ಆಧಾರಿತ ಪಾಸ್‌ಪೋರ್ಟನ್ನು ಆರಿಸಿಕೊಂಡಿತು.

ನಿಜವಾಗಿ ಕಷ್ಟದ್ದು ಜನರನ್ನು ಒಟ್ಟುಗೂಡಿಸುವುದು. ಹಡಗು ಸಾಗಣೆಗಾಗಿ ಹಡಗು ಕಂಪನಿ ಮರ್ಸ್ಕ್ ಮತ್ತು ಐಬಿಎಂ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ 2022ರಲ್ಲಿ ಘೋಷಿಸಿದಾಗ, ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಎಂದೇ ಅವರು ಕಾರಣ ಕೊಟ್ಟರು. ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ನಿಮ್ಮ ಸಪ್ಲೈಯರ್‌ಗಳನ್ನು ಕೂರಿಸಿಕೊಂಡು ಮಾತಾಡಿ. ಯಾರು ಬರೆಯಬೇಕು, ಯಾರು ಏನನ್ನು ಓದಬಹುದು, ಖರ್ಚು ಯಾರದು ಎನ್ನುವುದು ಮೊದಲು ಇತ್ಯರ್ಥವಾಗಲಿ.