ಮೂರು ನಿಮಿಷದ ಅಡ್ಡಗಾಲು

ಹುಡುಗ ಕ್ಲಾಸಿಗೆ ಬಂದವನು ಬ್ಯಾಗ್ ಕೂಡ ಇಳಿಸಲಿಲ್ಲ. ಸೀದಾ ಫೋನ್ ತಂದು ನನ್ನ ಮುಂದೆ ಹಿಡಿದ. "ಸಾರ್, ಒಂದೇ ವಾರದಲ್ಲಿ 140 ಪಾಯಿಂಟ್ ಏರಿದೀನಿ ಸಾರ್."

ನೋಡಿದೆ. ಸಾಲಾಗಿ ಗೆಲುವು. ಎಲ್ಲವೂ ಮೂರು ನಿಮಿಷದ ಆನ್‌ಲೈನ್ ಚೆಸ್ ಆಟ. ಅರ್ಧಕ್ಕರ್ಧ ಹತ್ತು ನಡೆಯೊಳಗೇ ಮುಗಿದಿದ್ದವು. ಒಂದನ್ನು ತೆರೆದೆ. ಎದುರಾಳಿ ಡಿ4, ಇವನು ಇ5 (ಚೆಸ್ ಬೋರ್ಡಿನ ಮನೆಗಳ ಹೆಸರು ಇವು). ಎರಡನೇ ಆಟ, ಅದೇ. ಮೂರನೆಯದೂ ಅದೇ. ಎಂಗ್ಲುಂಡ್ ಗ್ಯಾಂಬಿಟ್ ಅನ್ನೋ ಓಪನಿಂಗ್, ಅಂದರೆ ಆಟ ಶುರು ಮಾಡುವ ಒಂದು ದಾರಿ. ಇಂಗ್ಲೆಂಡಿಗೂ ಇದಕ್ಕೂ ಸಂಬಂಧ ಇಲ್ಲ, ಸ್ವೀಡನ್ನಿನವನೊಬ್ಬನ ಹೆಸರು ಅದು.

ಹಾಸನದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಚೆಸ್ ಹೇಳಿಕೊಡುವುದು ನನ್ನ ಕೆಲಸ. ಮೊದಲೆಲ್ಲ ಮಕ್ಕಳು ಓಪನಿಂಗ್ ಕಲಿಯುತ್ತಿದ್ದದ್ದು ನನ್ನಿಂದ, ಇಲ್ಲಾ ಯಾವುದೋ ಹಳೇ ಪುಸ್ತಕದಿಂದ. 2020ರ ಲಾಕ್‌ಡೌನ್ ಆದಮೇಲೆ ಅದು ತಿರುವುಮುರುವಾಯಿತು. ಈಗ ಅವರೇ ಯೂಟ್ಯೂಬಿನಲ್ಲಿ ನೋಡಿಕೊಂಡು ಬರುತ್ತಾರೆ, ನಾನು ಹಿಂದಿನಿಂದ ಓಡಬೇಕು. ಇಂಟರ್‌ನ್ಯಾಷನಲ್ ಮಾಸ್ಟರ್ ಎರಿಕ್ ರೋಸೆನ್ ಸ್ಟಾಫರ್ಡ್ ಗ್ಯಾಂಬಿಟ್ ಅನ್ನೋ ಇನ್ನೊಂದು ಓಪನಿಂಗ್ ಆಡಿ ತೋರಿಸಿದ ವಿಡಿಯೋಗಳು ನಮ್ಮ ಕ್ಲಾಸಿಗೂ ಬಂದು ತಲುಪಿದಾಗ, ಒಂದಿಷ್ಟು ದಿನ ಇಲ್ಲಿ ಬೇರೆ ಓಪನಿಂಗೇ ಇರಲಿಲ್ಲ.

ಗ್ಯಾಂಬಿಟ್ ಎಂದರೆ ಶುರುವಿನಲ್ಲೇ ಏನಾದರೂ ಒಂದನ್ನು, ಸಾಮಾನ್ಯವಾಗಿ ಒಂದು ಪಾನ್ (ಕಾಲಾಳು) ಅನ್ನು, ಬೇಕೆಂದೇ ಬಿಟ್ಟುಕೊಡುವುದು. ಈ ಮಾತು ಇಟಲಿಯ ಕುಸ್ತಿ ಅಖಾಡದ್ದು. 'ಗಂಬೆಟ್ಟೊ' ಎಂದರೆ ಕಾಲು ಕೊಟ್ಟು ಬೀಳಿಸುವುದು. ಸ್ಪೇನಿನ ರೂಯ್ ಲೋಪೆಜ್ 1561ರಲ್ಲಿ ಅದನ್ನು ಚೆಸ್‌ಗೆ ತಂದ. ನಮ್ಮಲ್ಲಿ ಅಡ್ಡಗಾಲು ಹಾಕುವುದು ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಅಡ್ಡಗಾಲು ಹಾಕುವವನು ಒಂದು ಗಳಿಗೆ ಒಂಟಿ ಕಾಲಿನ ಮೇಲೆ ನಿಂತಿರುತ್ತಾನೆ. ಎದುರಿನವನು ಬಿದ್ದರೆ ಸರಿ. ಬೀಳದಿದ್ದರೆ?

ಎಂಗ್ಲುಂಡ್ ಬಲೆ ಹೇಗಿದೆ ನೋಡಿ. ಬಿಳಿ ಇ5 ಪಾನ್ ತಿನ್ನುತ್ತದೆ. ಕಪ್ಪು ಕುದುರೆ ಸಿ6ಕ್ಕೆ, ಬಿಳಿ ಕುದುರೆ ಎಫ್3ಕ್ಕೆ. ಕಪ್ಪು ರಾಣಿ ಇ7ಕ್ಕೆ ಬರುತ್ತದೆ. (ನಮ್ಮ ಅಜ್ಜಂದಿರಿಗೆ ಅದು ಮಂತ್ರಿ, ನಮ್ಮ ಮಕ್ಕಳಿಗೆ ಕ್ವೀನ್. ನಾನು ಮಧ್ಯದವನು, ರಾಣಿ ಎನ್ನುತ್ತೇನೆ.) ಪಾನ್ ಉಳಿಸಿಕೊಳ್ಳೋಣ ಅಂತ ಬಿಳಿ ಒಂಟೆಯನ್ನು ಎಫ್4ಕ್ಕೆ ತರುತ್ತದೆ. ಎಲ್ಲರೂ ತರುವುದೇ ಹಾಗೆ. ತಕ್ಷಣ ಕಪ್ಪು ರಾಣಿ ಬಿ4ರಿಂದ ರಾಜನಿಗೆ ಚೆಕ್. ಒಂಟೆ ಡಿ2ಕ್ಕೆ ವಾಪಸ್ ಬಂದು ಅಡ್ಡ ನಿಲ್ಲುತ್ತದೆ. ರಾಣಿ ಬಿ2 ಪಾನ್ ತಿಂದು, ಮೂಲೆಯ ಆನೆಯ ಮೇಲೆ ಕಣ್ಣು ಹಾಕುತ್ತದೆ.

ಈಗ ಬಿಳಿಯವನ ಕೈ ತಾನಾಗೇ ಆಡುವ ನಡೆ ಒಂದಿದೆ. ಒಂಟೆ ಸಿ3ಕ್ಕೆ. ಆನೆಯೂ ಉಳಿಯಿತು, ರಾಣಿಯನ್ನೂ ಓಡಿಸಿದೆ ಅನಿಸುತ್ತದೆ. ಅಲ್ಲೇ ಮುಗಿಯಿತು. ಕಪ್ಪು ಒಂಟೆ ಬಿ4ಕ್ಕೆ ಬಂದು ಕೂರುತ್ತದೆ. ಬಿಳಿ ರಾಣಿ ಡಿ2ಕ್ಕೆ ಬಂದು ಕಾಯುತ್ತದೆ. ಕಪ್ಪು ಸಿ3ರ ಒಂಟೆಯನ್ನು ತಿನ್ನುತ್ತದೆ. ರಾಣಿಯಿಂದ ವಾಪಸ್ ತಿಂದರೆ ಸಿ1ಕ್ಕೆ ಕಪ್ಪು ರಾಣಿ ಇಳಿದು ಮೇಟ್, ರಾಜನಿಗೆ ಓಡಲು ಜಾಗವಿಲ್ಲ. ಕುದುರೆಯಿಂದ ತಿಂದರೆ ಎ1ರ ಆನೆ ಹೋಗುತ್ತದೆ. ಎಂಟೇ ನಡೆ.

ಇದಕ್ಕೆ ಮದ್ದು ಒಂದೇ ನಡೆ. ಆ ಆರನೇ ನಡೆಯಲ್ಲಿ ಒಂಟೆಯ ಬದಲು ಕುದುರೆಯನ್ನು ಸಿ3ಕ್ಕೆ ತರುವುದು. ಅದಾದ ಮೇಲೆ ಕಪ್ಪು ರಾಣಿ ಎ3, ಎ5 ಅಂತ ಬೀದಿ ಬೀದಿ ಅಲೆಯುತ್ತದೆ. ಅಷ್ಟರಲ್ಲಿ ಬಿಳಿಯ ಪಡೆ ಎಲ್ಲ ಹೊರಗೆ ಬಂದಿರುತ್ತದೆ. ಅಷ್ಟು ನೆನಪಿಟ್ಟುಕೊಳ್ಳೋದೂ ಬೇಡ ಅನ್ನುವವರು ನಾಲ್ಕನೇ ನಡೆಯಲ್ಲೇ ಕುದುರೆ ಸಿ3 ಆಡಿ, ಇ5 ಪಾನ್ ಹೋದರೆ ಹೋಗಲಿ ಅಂತ ಬಿಟ್ಟುಬಿಡಬಹುದು. ಬಿಳಿಯ ಸ್ಥಿತಿ ಆಗಲೂ ಚೆನ್ನಾಗಿಯೇ ಇರುತ್ತದೆ.

ಹಾಗಾದರೆ ಇಷ್ಟು ಸುಲಭದ ಮದ್ದಿರುವ ಗ್ಯಾಂಬಿಟ್ ಆನ್‌ಲೈನಿನಲ್ಲಿ ಯಾಕೆ ಗೆಲ್ಲುತ್ತದೆ?

ಕಾರಣ ಗಡಿಯಾರ. ಮೂರು ನಿಮಿಷ ಅಂದರೆ 180 ಸೆಕೆಂಡ್. ಆಟ ನಲವತ್ತು ನಡೆ ಹೋದರೆ ನಡೆಗೆ ನಾಲ್ಕೂವರೆ ಸೆಕೆಂಡ್. ಗ್ಯಾಂಬಿಟ್ ಹಾಕುವವನಿಗೆ ಮೊದಲ ಏಳೆಂಟು ನಡೆ ಬಾಯಿಪಾಠ, ಐದಾರು ಸೆಕೆಂಡಿನಲ್ಲಿ ಆಡಿ ಮುಗಿಸುತ್ತಾನೆ. ಎದುರಿನವನು ಅಷ್ಟರಲ್ಲಿ "ಇದೇನಿದು" ಅಂತ ನಲವತ್ತು ಸೆಕೆಂಡ್ ಕಳೆದಿರುತ್ತಾನೆ. ಅಂದರೆ ಇವನು ಒಂದು ಪಾನ್ ಕೊಟ್ಟು ಅರ್ಧ ನಿಮಿಷ ಕೊಂಡುಕೊಂಡಿದ್ದಾನೆ. ಮೂರು ನಿಮಿಷದ ಆಟದಲ್ಲಿ ಅದು ನಷ್ಟದ ವ್ಯಾಪಾರ ಅಲ್ಲ. ಅದೇ ಪ್ರತಿ ನಡೆಗೆ ಎರಡು ಸೆಕೆಂಡ್ ಸೇರುವ ಆಟವಾದರೆ, ಕೊಂಡ ಸಮಯದ ಬೆಲೆ ಇಳಿಯುತ್ತದೆ. ಅರ್ಧ ಗಂಟೆಯ ಆಟದಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಸ್ಟಾಕ್‌ಫಿಶ್ ಅನ್ನೋ ಚೆಸ್ ಎಂಜಿನ್ (ನಡೆಗಳ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಕೇಳಿದರೆ ಎಂಗ್ಲುಂಡ್ ಕೆಟ್ಟದ್ದು, ಸ್ಟಾಫರ್ಡ್ ಇನ್ನೂ ಕೆಟ್ಟದ್ದು ಎನ್ನುತ್ತದೆ. ಸುಳ್ಳಲ್ಲ. ಆದರೆ ಅದು ಇಬ್ಬರೂ ತಪ್ಪೇ ಮಾಡದೆ ಆಡಿದರೆ ಏನಾಗುತ್ತದೆ ಎಂದು ಹೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ಒಂದೇ ಬೆರಳಲ್ಲಿ ಆಡುವವರ ಲೆಕ್ಕ ಅದಕ್ಕೆ ಗೊತ್ತಿಲ್ಲ. ಹಾಗಾಗಿ "ಎಂಜಿನ್ ಬೇಡ ಅಂದಿದೆ, ಆಡಬೇಡ" ಅಂತ ನಾನು ಮಕ್ಕಳಿಗೆ ಹೇಳುವುದನ್ನು ಬಿಟ್ಟಿದ್ದೇನೆ. ಹೇಳಿದರೂ ಕೇಳುವುದಿಲ್ಲ, ಅದು ಬೇರೆ ಮಾತು.

ಈಗ ಆ 140 ಪಾಯಿಂಟಿನ ಹುಡುಗನ ಕಥೆಗೆ ಬರುತ್ತೇನೆ. ಅವರದು ಆಲೂರು ಕಡೆ. ಅಪ್ಪ ಶುಂಠಿ ಬೆಳೆಯುತ್ತಾರೆ. ಹುಡುಗ ನಮ್ಮ ಕ್ಲಾಸಿನಲ್ಲಿ ಭಾನುವಾರ ಒಬ್ಬ ಹುಡುಗಿಗೆ ಇದೇ ಎಂಗ್ಲುಂಡ್ ಹಾಕಿ ಎಂಟು ನಡೆಯಲ್ಲಿ ಗೆದ್ದ. ಕ್ಲಾಸೆಲ್ಲ ನಕ್ಕಿತು. ಅವಳು ನಗಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎರಡು ವಾರ ಬಿಟ್ಟು ಒಂದು ಸಣ್ಣ ಟೂರ್ನಮೆಂಟ್, ಕಲ್ಯಾಣ ಮಂಟಪದಲ್ಲಿ, ಅರ್ಧ ಗಂಟೆಯ ಆಟ. ಮೂರನೇ ಸುತ್ತಿನಲ್ಲಿ ಇಬ್ಬರೂ ಎದುರುಬದುರು. ಅವಳು ಡಿ4 ಆಡಿದಳು. ಇವನು ಮತ್ತೆ ಇ5 ಆಡಿದ! ಆರನೇ ನಡೆಗೆ ಅವಳು ಪೂರ್ತಿ ಐದು ನಿಮಿಷ ಕೂತಳು. ಉತ್ತರ ಗೊತ್ತಿದ್ದೂ ಕೂತಳು ಅಂತ ನನ್ನ ಅನುಮಾನ. ಆಮೇಲೆ ಕುದುರೆಯನ್ನು ಎತ್ತಿ ಸಿ3ರ ಮೇಲಿಟ್ಟಳು. ಹುಡುಗನ ಮುಖ ಸಣ್ಣಗಾಯಿತು. ಮುಂದಿನ ಇಪ್ಪತ್ತು ನಡೆ ನೋಡಲು ಬೇಜಾರಾಗುತ್ತಿತ್ತು.

ಹೊರಗೆ ಟೀ ಕುಡಿಯುತ್ತಾ ಅವನ ಅಪ್ಪನಿಗೆ ಆದದ್ದನ್ನು ಹೇಳಿದೆ. ಅವರಿಗೆ ಚೆಸ್ ಬರುವುದಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಾ ಸಾರ್, ಒಂದೇ ಜಮೀನಿಗೆ ಮಾರನೇ ವರ್ಷಾನೂ ಶುಂಠಿ ಹಾಕಿದ್ನಾ ಇವ್ನು?" ಅಂದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುಂಠಿಗೆ ಕೊಳೆರೋಗ ಬಂದರೆ ಅದು ಮಣ್ಣಿನಲ್ಲೇ ಉಳಿಯುತ್ತದೆ. ಹಾಗಾಗಿ ಬೆಳೆಗಾರರು ಹೊಸ ಜಮೀನು ಹುಡುಕಿಕೊಂಡು ಗುತ್ತಿಗೆಗೆ ಹೋಗುತ್ತಾರೆ. ರೇಟ್ ಸಿಕ್ಕಿದರೆ ಒಂದೇ ಬೆಳೆಗೆ ಮನೆ ಕಟ್ಟಿಸಬಹುದು, ಬಿದ್ದರೆ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಗ್ಯಾಂಬಿಟ್ ಕೂಡ ಹಾಗೇ. ಅದಕ್ಕೆ ಪ್ರತಿ ಸಲ ಹೊಸ ಮಣ್ಣು ಬೇಕು. ಆನ್‌ಲೈನಿನಲ್ಲಿ ಹೊಸ ಮಣ್ಣಿಗೆ ಬರವಿಲ್ಲ. ಬ್ರೆಜಿಲಿನವನೊಬ್ಬ, ಇಂಡೋನೇಷ್ಯಾದವನೊಬ್ಬ, ಬಿದ್ದವನು ಮತ್ತೆ ಸಿಗುವುದೇ ಇಲ್ಲ. ಹಾಸನ ಜಿಲ್ಲೆಯ ಟೂರ್ನಮೆಂಟಿಗೆ ಬರುವುದು ಅದೇ ಮುಖಗಳು. ಅರಸೀಕೆರೆಯವರು, ಚನ್ನರಾಯಪಟ್ಟಣದವರು, ಸಕಲೇಶಪುರದವರು. ಒಬ್ಬನಿಗೆ ಹಾಕಿದ ಬಲೆ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ತಲೆನೋವು ತರುವ ವಿಷಯ ಇನ್ನೊಂದಿದೆ. ಎಂಟು ನಡೆಯಲ್ಲಿ ಗೆದ್ದ ಆಟ ಹುಡುಗನಿಗೆ ಏನನ್ನೂ ಕಲಿಸುವುದಿಲ್ಲ. ಪಾಯಿಂಟ್ ಏರುತ್ತದೆ, ಆಟ ಏರುವುದಿಲ್ಲ. ಬಲೆಗೆ ಬೀಳದವರ ಜೊತೆ ಆಡುವಾಗ ಪಾನ್ ಕಡಿಮೆ, ಸ್ಥಿತಿ ಕೆಟ್ಟದ್ದು. ಹಾಗಾಗಿ ಆ ಆಟಗಳಲ್ಲಿ ಕಲಿಯುವುದು ಬರೀ ಒದ್ದಾಟ. ಆನೆ ಮತ್ತು ಒಂದು ಪಾನ್ ಉಳಿದಾಗ ಗೆಲ್ಲುವುದು ಹೇಗೆ ಅಂತ ಇವನನ್ನು ಕೇಳಿದೆ. ಗೊತ್ತಿಲ್ಲ. "ಅಲ್ಲಿವರೆಗೂ ಆಟ ಹೋಗಲ್ಲ ಸಾರ್" ಅಂದ. ಹೆಮ್ಮೆಯಿಂದ ಅಂದ!

ಹಾಗಂತ ಗ್ಯಾಂಬಿಟ್ ಎಲ್ಲ ಒಂದೇ ಜಾತಿ ಅಲ್ಲ. ಯಾರಾದರೂ ಹೊಸ ಗ್ಯಾಂಬಿಟ್ ತಂದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಎದುರಿನವನು ಬಲೆಗೆ ಬೀಳಲಿಲ್ಲ ಅಂತಿಟ್ಟುಕೋ, ನಿನ್ನ ಹತ್ತಿರ ಏನು ಉಳಿಯುತ್ತದೆ? ಎಂಗ್ಲುಂಡಿನಲ್ಲಿ ಉಳಿಯುವುದು ಅಲೆದು ಸುಸ್ತಾದ ರಾಣಿ. ಡೇನಿಷ್ ಗ್ಯಾಂಬಿಟ್‌ನಲ್ಲಿ ಎರಡು ಪಾನ್ ಹೋದರೂ ಎರಡೂ ಒಂಟೆಗಳು ಉದ್ದಕ್ಕೆ ಕಣ್ಣು ಬಿಟ್ಟು ನಿಂತಿರುತ್ತವೆ. ಎದುರಿನವನಿಗೆ ಡಿ5 ಆಡಿ ಪಾನ್ ವಾಪಸ್ ಕೊಡುವ ದಾರಿ ಗೊತ್ತಿದ್ದರೆ ಆಟ ಸಮಸಮ. ಸಮಸಮ ಅಂದರೆ ಸೋಲಲ್ಲ, ಅಲ್ವಾ? ಈವನ್ಸ್ ಗ್ಯಾಂಬಿಟ್ ಅಂತೂ ಇನ್ನೂ ಗಟ್ಟಿ. ವೇಲ್ಸ್‌ನ ಹಡಗಿನ ಕ್ಯಾಪ್ಟನ್ ಒಬ್ಬ 1820ರ ದಶಕದಲ್ಲಿ ಶುರು ಮಾಡಿದ್ದು. ಬಿ4 ಪಾನ್ ಕೊಟ್ಟು, ಅದನ್ನು ತಿಂದ ಒಂಟೆಯನ್ನು ಸಿ3ರಿಂದ ಅಟ್ಟಿ, ಡಿ4 ತಳ್ಳಿ ನಡುವಣ ಜಾಗ ಹಿಡಿಯುವುದು. ಅದು ಹಳೇ ಕಾಲದ್ದು ಅಂತ ಎಲ್ಲರೂ ಮೂಲೆಗಿಟ್ಟಿದ್ದಾಗ, 1995ರಲ್ಲಿ ಲಾಟ್ವಿಯಾದ ರಿಗಾದಲ್ಲಿ ರಷ್ಯಾದ ಕಾಸ್ಪರೊವ್ ಅದನ್ನೇ ತೆಗೆದು ನಮ್ಮ ಆನಂದ್ ಮೇಲೆ 25 ನಡೆಯಲ್ಲಿ ಗೆದ್ದರು. ಅಲ್ಲಿ ಬಲೆ ಇರಲಿಲ್ಲ. ಆನಂದ್ ಬಲೆಗೆ ಬೀಳುವವರಲ್ಲ. ಕೊಟ್ಟ ಪಾನ್‌ಗೆ ಸಿಕ್ಕ ಜಾಗ ಮತ್ತು ವೇಗ ಅಷ್ಟೇ ಇದ್ದದ್ದು.

ಹುಡುಗನಿಗೆ ಈಗ ಈವನ್ಸ್ ಹೇಳಿಕೊಡುತ್ತಿದ್ದೇನೆ. ರಾತ್ರಿ ಎಂಗ್ಲುಂಡ್ ಆಡಬೇಡ ಅಂದಿಲ್ಲ. ಆಡಲಿ. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಿನಲ್ಲಿ ಓಪನಿಂಗ್ ಎಕ್ಸ್‌ಪ್ಲೋರರ್ ಇದೆ, ರೇಟಿಂಗ್ ಪ್ರಕಾರ ಆಟಗಳನ್ನು ಸೋಸಿ ನೋಡಬಹುದು. ದುಡ್ಡು ಕೊಡಬೇಕಿಲ್ಲ. ಅದನ್ನು ತೆರೆದು, ಎಷ್ಟು ಆಟ ಗೆದ್ದಿದೆ ಅಂತ ನೋಡುವ ಬದಲು ಆ ಆರನೇ ನಡೆಯಲ್ಲಿ ಎಷ್ಟು ಜನ ಕುದುರೆ ಆಡಿದ್ದಾರೆ ನೋಡು, ರೇಟಿಂಗ್ ಮೇಲೆ ಮೇಲೆ ಹೋದ ಹಾಗೆ ಆ ಸಂಖ್ಯೆ ಏನಾಗುತ್ತದೆ ನೋಡು ಅಂದಿದ್ದೇನೆ. ನೋಡಿ ಬಂದವನು ಸುಮ್ನೆ ಕೂತ.

ಸ್ಟಾಫರ್ಡ್ ಎದುರು ಏನು ಮಾಡಬೇಕು ಅಂತ ಪೋಷಕರು ಕೂಡ ಕೇಳುತ್ತಾರೆ. ಮಗನ ಜೊತೆ ಆಡಿ ಸೋತವರು! ನೀವು ಬಿಳಿ. ಇ5 ಪಾನ್ ತಿಂದು, ಸಿ6ರ ಕುದುರೆ ತಿಂದು, ಡಿ3 ಆಡಿದ್ದೀರಿ. ಕಪ್ಪು ಒಂಟೆ ಸಿ5ಕ್ಕೆ ಬಂದಿದೆ. ಈಗ ಒಂಟೆಯನ್ನು ಜಿ5ಕ್ಕೆ ತಂದು ಎದುರಾಳಿಯ ಕುದುರೆ ಕಟ್ಟಿಹಾಕೋಣ ಅನಿಸುತ್ತದೆ. ಬೇಡ. ಆ ಕುದುರೆ ಇ4 ಪಾನ್ ತಿಂದು ರಾಣಿಯನ್ನೇ ಬಿಟ್ಟುಕೊಡುತ್ತದೆ. ಆ ರಾಣಿಯನ್ನು ತಿಂದರೆ ಎರಡು ನಡೆಯಲ್ಲಿ ನಿಮಗೇ ಮೇಟ್, ಆ ಕುದುರೆಯನ್ನು ತಿಂದರೆ ನಿಮ್ಮ ರಾಣಿ ಹೋಗುತ್ತದೆ. ಒಂಟೆಯನ್ನು ಇ2ರಲ್ಲಿಡಿ, ಸಿ3 ಆಡಿ, ಆಮೇಲೆ ಡಿ4. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ.

ಮೊನ್ನೆ ರಾತ್ರಿ ನನಗೇ ಒಬ್ಬ ಸ್ಟಾಫರ್ಡ್ ಹಾಕಿದ. ಮೂರು ನಿಮಿಷದ ಆಟ. ಹೊರಗೆ ಮಳೆ, ಸಿಗ್ನಲ್ ಒಂದು ಕಡ್ಡಿ. ಓಹೋ ಇದಾ, ಅಂತ ನಕ್ಕು ಬೇಗ ಬೇಗ ಆಡಿದೆ. ಡಿ3 ಆಡಿದೆ. ಅವನ ಒಂಟೆ ಸಿ5. ಬೆರಳು ತಾನಾಗೇ ಹೋಗಿ ನನ್ನ ಒಂಟೆಯನ್ನು ಜಿ5ರ ಮೇಲಿಟ್ಟಿತು. ಇಟ್ಟ ಮೇಲೆ ಕಂಡಿತು. ಅವನು ಒಂದು ಸೆಕೆಂಡೂ ತಡಮಾಡಲಿಲ್ಲ.

ರೀಮ್ಯಾಚ್ ಕೇಳಿದ. ಒಪ್ಪಿದೆ. ಈ ಸಲ ಬಿಳಿ ಅವನದು. ಡಿ4 ಆಡಿದ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಕ್ಲಾಸಿನ ಮಕ್ಕಳು ಯಾರೂ ನೋಡುತ್ತಿರಲಿಲ್ಲ. ಇ5 ಆಡಿದೆ.