ಒತ್ತಕ್ಷರಕ್ಕೂ ಜಾಗ ಬಿಡಿ: ವೆಬ್‌ಸೈಟ್ ಟ್ರೆಂಡ್ ಮತ್ತು ನಮ್ಮ ಕನ್ನಡ

ತಿಪಟೂರಿನ ಗ್ರಾಹಕರೊಬ್ಬರು ಕಳೆದ ವರ್ಷ ನನ್ನ ಹತ್ತಿರ ಬಂದಿದ್ದರು. ಗಾಣದ ಕೊಬ್ಬರಿ ಎಣ್ಣೆ ತೆಗೆದು ಮಾರುತ್ತಾರೆ. ಬೆಂಗಳೂರಿಗೆ ಕೊರಿಯರ್‌ನಲ್ಲಿ ಕಳಿಸೋದು ಈಗೀಗ ಜಾಸ್ತಿಯಾಗಿದೆ, ಹಾಗಾಗಿ ವೆಬ್‌ಸೈಟ್ ಬೇಕಿತ್ತು. ಫೋನ್ ತೆಗೆದು ಯಾವುದೋ ವಿದೇಶಿ ಕಂಪನಿಯ ಪುಟ ತೋರಿಸಿದರು. ಕಪ್ಪು ಹಿನ್ನೆಲೆ, ಅದರ ಮೇಲೆ ಪರದೆ ತುಂಬುವಷ್ಟು ದೊಡ್ಡ ಅಕ್ಷರ. ಒಂದೊಂದೇ ಅಕ್ಷರ ಕೆಳಗಿನಿಂದ ಮೇಲೆದ್ದು ಬಂದು ನಿಲ್ಲುತ್ತಿತ್ತು. ಹಿಂದೆ ವಿಡಿಯೋ ಓಡುತ್ತಿತ್ತು.

"ನೋಡಿ ಮೇಡಂ, ಹಿಂಗೇ ಮಾಡ್ಕೊಡಿ. ಆದ್ರೆ ಕನ್ನಡದಲ್ಲಿರ್ಬೇಕು" ಅಂದರು.

ಅವರ ಆಸೆಯಲ್ಲಿ ತಪ್ಪೇನಿಲ್ಲ. ಅಂಗಡಿ ಬೋರ್ಡು ಚೆನ್ನಾಗಿ ಕಾಣಬೇಕು ಅಂತ ಎಲ್ಲರಿಗೂ ಇರುತ್ತೆ. ಆದರೆ ಅವರು ಕೊನೆಗೆ ಹೇಳಿದ ಆ ಒಂದು ಮಾತಿನಲ್ಲೇ ನನ್ನ ಅರ್ಧ ಕೆಲಸ ಇತ್ತು. ಈಗ ಓಡುತ್ತಿರುವ ಬಹುಪಾಲು ಟ್ರೆಂಡ್‌ಗಳು ಇಂಗ್ಲಿಷ್ ಅಕ್ಷರ ನೋಡಿಕೊಂಡು ಹುಟ್ಟಿದವು. ಅವನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಿದರೆ ಏನಾಗುತ್ತೆ ಅಂತ ಅವತ್ತು ರಾತ್ರಿ ಒಂದು ಮಾದರಿ ಪುಟ ಮಾಡಿ ನೋಡಿದೆ.

ತಲೆಬರಹ 'ಶುದ್ಧ ಗಾಣದ ಎಣ್ಣೆ'. ಮೂರೇ ಪದ. ದೊಡ್ಡ ಅಕ್ಷರದ ಟ್ರೆಂಡ್‌ನಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಇಡುತ್ತಾರೆ, ಅಕ್ಷರ ಎಷ್ಟು ಎತ್ತರವೋ ಸಾಲೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಇದು ನಡೆಯುತ್ತೆ, ಸಾಲಿನಿಂದ ಕೆಳಗೆ ಅವು ಇಳಿಯೋದಿಲ್ಲ. ನಮ್ಮದರಲ್ಲಿ ಕೆಳಗೆ ಒತ್ತು, ಮೇಲೆ ಗುಣಿತ. 'ಶುದ್ಧ'ದ ಒತ್ತು ಹೋಗಿ ಕೆಳಗಿನ ಸಾಲಿನ 'ಣ' ತಲೆ ಮೇಲೆ ಕೂತಿತ್ತು. ಕೊನೆಯ ಸಾಲಿನ ಗತಿ ಇನ್ನೂ ಕಷ್ಟ. ಅಕ್ಷರ ಮೇಲೆದ್ದು ಬರುವ ಹಾಗೆ ಕಾಣಲಿ ಅಂತ ಸಾಲಿನ ಸುತ್ತ ಒಂದು ಚೌಕಟ್ಟು ಹಾಕಿ, ಅದರಿಂದ ಆಚೆ ಹೋದದ್ದನ್ನೆಲ್ಲ ಮರೆಮಾಡುತ್ತಾರೆ. ಹಾಗೆ ಮಾಡಿದಾಗ 'ಎಣ್ಣೆ'ಯ ಒತ್ತು ಕತ್ತರಿಸಿ ಹೋಯಿತು. ಎಣ್ಣೆ ಮಾರುವವರ ಪುಟದಲ್ಲಿ 'ಎಣೆ' ಅಂತ ಉಳಿಯಿತು.

ಅಕ್ಷರಗಳನ್ನು ಬಿಡಿಬಿಡಿಯಾಗಿ ಕುಣಿಸೋದು ಇದಕ್ಕಿಂತ ದೊಡ್ಡ ತೊಂದರೆ. ನಮ್ಮ ಕಣ್ಣಿಗೆ 'ಎಣ್ಣೆ' ಎರಡೇ ಅಕ್ಷರ. ಯೂನಿಕೋಡ್, ಅಂದರೆ ಕಂಪ್ಯೂಟರುಗಳು ಎಲ್ಲ ಭಾಷೆಯ ಅಕ್ಷರ ಗುರುತಿಸುವ ಸಾಮಾನ್ಯ ಪದ್ಧತಿ, ಅದರ ಲೆಕ್ಕದಲ್ಲಿ ಇದು ಐದು ತುಂಡು: ಎ, ಣ, ಅರ್ಧಾಕ್ಷರ ಮಾಡುವ ಚಿಹ್ನೆ, ಇನ್ನೊಂದು ಣ, ಕೊನೆಗೆ ಎತ್ವದ ಗುರುತು. ಅನಿಮೇಷನ್ ಕೋಡ್ ಈ ಐದನ್ನೂ ಬೇರೆ ಬೇರೆ ಮಾಡಿಬಿಡುತ್ತೆ. ಒತ್ತು ಒತ್ತಾಗಿ ಉಳಿಯಲ್ಲ. ಎತ್ವ ಒಂಟಿಯಾಗಿ, ಚುಕ್ಕಿಗಳ ಒಂದು ಸೊನ್ನೆ ಜೊತೆ ನಿಲ್ಲುತ್ತೆ. ನೀವೂ ಇಂಥದ್ದನ್ನ ಎಲ್ಲೋ ನೋಡಿರ್ತೀರಿ, ಅಲ್ವಾ? ಚಲನೆ ಬೇಕೇ ಬೇಕು ಅಂದರೆ ಪದವನ್ನು ಇಡಿಯಾಗಿ ಚಲಿಸಿ, ಇಲ್ಲ ಪೂರ್ತಿ ಸಾಲನ್ನು. ನೋಡೋಕೂ ಅದೇ ಚೆಂದ.

ಅಕ್ಷರಗಳ ನಡುವೆ ಅಂತರ ಬಿಡುವ ಶೈಲಿಯೂ ಇಂಗ್ಲಿಷಿನದೇ. ಕನ್ನಡದಲ್ಲಿ ಹಾಗೆ ಬಿಟ್ಟರೆ ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನೋದೇ ಗೊತ್ತಾಗಲ್ಲ. ತೆಳುವಾದ ತಿಳಿಬೂದು ಅಕ್ಷರವೂ ಬೇಡ. ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆ ನಡುವಿನ ಹೊಳಪಿನ ವ್ಯತ್ಯಾಸ ಕಡೇಪಕ್ಷ 4.5ಕ್ಕೆ 1 ಇರಬೇಕು ಅಂತ ವೆಬ್ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ. ನಮ್ಮ ಒತ್ತುಗಳು ಮೊದಲೇ ಸಣ್ಣವು, ಅದಕ್ಕೆ ನಾನು ಇನ್ನೂ ಗಾಢವಾಗಿಯೇ ಇಡುತ್ತೇನೆ. ಓದುವ ಭಾಗದಲ್ಲಿ ಅಕ್ಷರ 18 ಪಿಕ್ಸೆಲ್, ಸಾಲಿನ ಎತ್ತರ ಅದರ 1.7 ಪಟ್ಟು. ನನ್ನ ಕೆಲಸದಲ್ಲಿ ಈ ಲೆಕ್ಕ ಕೈಕೊಟ್ಟಿಲ್ಲ.

ಹಾಗಂತ ಟ್ರೆಂಡ್‌ಗಳೆಲ್ಲ ನಮಗೆ ಬೇಡ ಅಂತ ತಿಳಿಯಬೇಡಿ. ವೇರಿಯಬಲ್ ಫಾಂಟ್ ಅನ್ನೋದು 2016ರಲ್ಲಿ ಬಂತು. ಅದರಿಂದ ಹೆಚ್ಚು ಲಾಭ ಆಗಿರೋದು ನಮ್ಮಂಥ ಲಿಪಿಗಳಿಗೆ ಅಂತ ನಾನು ನಂಬಿದ್ದೇನೆ. ಇಷ್ಟೊಂದು ಒತ್ತಕ್ಷರ ಇರೋದರಿಂದ ಕನ್ನಡ ಫಾಂಟಿನ ಫೈಲ್ ತೂಕ ಜಾಸ್ತಿ. ಮೊದಲೆಲ್ಲ ಸಾಧಾರಣ, ಮಧ್ಯಮ, ದಪ್ಪ ಅಂತ ಒಂದೊಂದಕ್ಕೂ ಬೇರೆ ಫೈಲ್ ಇಳಿಸಬೇಕಿತ್ತು. ಈಗ ಒಂದೇ ಫೈಲಿನಲ್ಲಿ ತೆಳುವಿನಿಂದ ದಪ್ಪದವರೆಗೆ ಎಲ್ಲವೂ ಸಿಗುತ್ತೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಅನೇಕ್ ಕನ್ನಡ ಇಂಥದ್ದು. ಅದರಲ್ಲಿ ಅಕ್ಷರದ ಅಗಲವನ್ನೂ ಬದಲಾಯಿಸಬಹುದು. ಉದ್ದ ಪದ ಫೋನಿನ ಪರದೆಯಲ್ಲಿ ಹಿಡಿಸದಿದ್ದಾಗ ಸ್ವಲ್ಪ ಕಿರಿದು ಮಾಡಿದರೆ ಸಾಕು.

ನಮ್ಮ ಪದಗಳೇ ಉದ್ದ. ಬೆಂಟೋ ಅಂತ ಒಂದು ಶೈಲಿ ಇದೆ, ಜಪಾನಿನ ಊಟದ ಡಬ್ಬಿಯ ಹಾಗೆ ಪುಟವನ್ನು ಚೌಕ ಚೌಕವಾಗಿ ಭಾಗ ಮಾಡೋದು. ನನಗೆ ಅದು ಇಷ್ಟ. ಆದರೆ ಚೌಕದ ಅಳತೆಯನ್ನು ಇಂಗ್ಲಿಷಿನಲ್ಲಿ ನಿಗದಿ ಮಾಡಿ, ಆಮೇಲೆ 'ಸಗಟು ವ್ಯಾಪಾರಿಗಳಿಗಾಗಿ' ಅಂತ ತುಂಬಿದರೆ ಪದ ಆಚೆ ಚೆಲ್ಲುತ್ತೆ. ಮೊದಲು ಕನ್ನಡ ಬರೆದು, ಅದು ಕೂರುವಷ್ಟು ಚೌಕ ಮಾಡಬೇಕು.

ಬರಹ ಎಲ್ಲಿಂದ ಬರುತ್ತೆ ಅನ್ನೋದೂ ಮುಖ್ಯ. ನಮ್ಮ ಎಣ್ಣೆ ಗಾಣದವರು ಕೊಟ್ಟದ್ದು ಪ್ರಿಂಟಿಂಗ್ ಪ್ರೆಸ್ಸಿನವರು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ಹಳೆಯ ಫೈಲು. ಈಗಿನ ನುಡಿಯಲ್ಲಿ ಯೂನಿಕೋಡ್ ಇದೆ, ಹಳೆಯ ಫೈಲುಗಳಲ್ಲಿ ಇಲ್ಲ. ವೆಬ್‌ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದಕ್ಕೇ ಮೊದಲು ಇವರಿಗೆ ಸೈಟ್ ಮಾಡಿಕೊಟ್ಟವರು ಇಡೀ ಬರಹವನ್ನು ಚಿತ್ರ ಮಾಡಿ ಹಾಕಿದ್ದರು. ಫೋನಿನಲ್ಲಿ ಅದು ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಕಣ್ಣು ಕಾಣದವರು ಬಳಸುವ ಓದುವ ಸಾಫ್ಟ್‌ವೇರ್‌ಗೆ ಆ ಪುಟ ಬರೀ ಖಾಲಿ. ನಾನು ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ, ಸಾಲು ಸಾಲು ಕೂತು ಓದಿದೆ. ಅರ್ಕಾವತ್ತು ಇರುವ ಪದಗಳನ್ನು ಎರಡೆರಡು ಸಲ ನೋಡಬೇಕು, ಪರಿವರ್ತನೆಯಲ್ಲಿ ಅವು ಜಾಗ ತಪ್ಪುತ್ತವೆ. ಆಮೇಲೆ ಕೋಡ್‌ನಲ್ಲಿ ಈ ಪುಟದ ಭಾಷೆ ಕನ್ನಡ ಅಂತ ನಮೂದಿಸಿದೆ. ಒಂದೇ ಸಾಲಿನ ಕೆಲಸ. ಅದಿದ್ದರೆ ಓದುವ ಸಾಫ್ಟ್‌ವೇರ್ ಕನ್ನಡದ ದನಿ ಆರಿಸಿಕೊಳ್ಳುತ್ತೆ.

ವೇಗದ ವಿಷಯ ಬೇಗ ಹೇಳಿಬಿಡುತ್ತೇನೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್ ಇಟ್ಟಿರುವ ಅಳತೆ. ಹಿನ್ನೆಲೆ ವಿಡಿಯೋ ತೆಗೆದೆ. ಅದರ ಜಾಗಕ್ಕೆ ಗಾಣದಿಂದ ಎಣ್ಣೆ ಇಳಿಯುವ ಒಂದೇ ಫೋಟೋ, ವೆಬ್‌ಪಿ ಅನ್ನೋ ಹಗುರ ಫೈಲ್ ರೂಪದಲ್ಲಿ. ಕೆಳಗೆ ಲೀಟರಿನ ಬೆಲೆ. ಬೆಲೆ ಮುಚ್ಚಿಟ್ಟು 'ಸಂಪರ್ಕಿಸಿ' ಅಂತ ಬರೆಯೋದನ್ನ ನಾನು ಯಾರಿಗೂ ಸಲಹೆ ಮಾಡಲ್ಲ. ಪುಟ ಎಷ್ಟೇ ಸರಿಸಿದರೂ ಕೆಳಗೆ ಎರಡು ಬಟನ್ ಇದ್ದೇ ಇರುತ್ತವೆ, ಫೋನ್ ಮತ್ತು ವಾಟ್ಸಾಪ್. ಬಟನ್ ಕಡೇಪಕ್ಷ 24 ಪಿಕ್ಸೆಲ್ ಇರಲಿ ಅನ್ನುತ್ತೆ ಅದೇ ಅಂತರರಾಷ್ಟ್ರೀಯ ಮಾರ್ಗಸೂಚಿಯ 2023ರ ಆವೃತ್ತಿ. ಹೆಬ್ಬೆರಳಿಗೆ ಅದು ಸಾಲದು, ನಾನು 48 ಇಡುತ್ತೇನೆ.

ನನ್ನ ಹತ್ತಿರ ಒಂದು ಚೀಟಿ ಇದೆ. ಅದರಲ್ಲಿ ಆರು ಪದ: ಸ್ತ್ರೀ, ವಸ್ತ್ರ, ರಾಷ್ಟ್ರ, ಲಕ್ಷ್ಮಿ, ಕಾರ್ಯ, ಎಣ್ಣೆ. ಯಾವ ಡಿಸೈನ್ ಆಗಲಿ, ತಲೆಬರಹದಲ್ಲಿ, ಬಟನ್‌ನಲ್ಲಿ, ಬೆಲೆಪಟ್ಟಿಯಲ್ಲಿ ಮೊದಲು ಈ ಆರನ್ನು ಟೈಪ್ ಮಾಡುತ್ತೇನೆ. ಆಮೇಲೆ ನನ್ನ ಕಂಪ್ಯೂಟರ್ ಬಿಟ್ಟು, ಎರಡು ಮೂರು ವರ್ಷ ಹಳೆಯ ಒಂದು ಸಾಧಾರಣ ಫೋನಿನಲ್ಲಿ, ಬಿಸಿಲಿಗೆ ನಿಂತು ನೋಡುತ್ತೇನೆ. ನಿಮಗೆ ಯಾರಾದರೂ ವೆಬ್‌ಸೈಟ್ ಮಾಡಿಕೊಡುತ್ತಿದ್ದರೆ, ದುಡ್ಡು ಕೊಡೋ ಮೊದಲು ಈ ಆರು ಪದ ಹಾಕಿ ತೋರಿಸಿ ಅಂತ ಕೇಳಿ.